ಬಾಡಿಗೆ ನುಂಗಿದ ಮುಂಬಯಿ ಸಂಬಳ

ಹುಡುಗನಿಗೆ ಮುಂಬಯಿಯಲ್ಲಿ ಕೆಲಸ ಎಂದರೆ ಒಂದು ಕಾಲಕ್ಕೆ ಕರಾವಳಿಯ ಊರುಗಳಲ್ಲಿ ದೊಡ್ಡ ಮಾತು. ಊರಿನ ದುಡಿಮೆಗೆ ಹೋಲಿಸಿದರೆ ಅಲ್ಲಿನ ಸಂಬಳವೂ ದೊಡ್ಡದೇ. ಆದರೆ ಅದರಲ್ಲಿ ಎಷ್ಟು ಕೈಗೆ ಉಳಿಯುತ್ತದೆ ಎಂಬುದು ತಲೆಯ ಮೇಲಿನ ಸೂರನ್ನು ಅವಲಂಬಿಸಿತ್ತು.

ಮುಂಬಯಿಗೆ ಮೂರು ಕಡೆ ನೀರು. ಬೆಳೆಯಲು ಉತ್ತರ ದಿಕ್ಕೊಂದೇ ದಾರಿ. ಹತ್ತಿ ಗಿರಣಿಗಳು ಜನರನ್ನು ಸೆಳೆದವು, ಜಾಗ ಮಾತ್ರ ಹಿಗ್ಗಲಿಲ್ಲ. 1896ರಲ್ಲಿ ಪ್ಲೇಗ್ ಬಂತು. 1898ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಕೊಳಕು ಕೇರಿಗಳನ್ನು ಕೆಡವಿತು. ಕೆಡವಿದಷ್ಟು ಬೇಗ ಮನೆ ಕಟ್ಟಲಿಲ್ಲ. 1921ರ ವೇಳೆಗೆ ನಗರದ ಸುಮಾರು ಮೂರನೇ ಎರಡು ಭಾಗ ಜನ ಒಂದೇ ಕೋಣೆಯ ಮನೆಗಳಲ್ಲಿದ್ದರು.

ಸರ್ಕಾರ ಸುಮ್ಮನಿರಲಿಲ್ಲ. ಮೊದಲ ಮಹಾಯುದ್ಧದ ಬೆಲೆ ಏರಿಕೆಯ ನಡುವೆ, 1918ರಲ್ಲಿ ಬಾಡಿಗೆಗೆ ಮಿತಿ ಹಾಕುವ ಕಾಯ್ದೆ ಬಂತು. 1920ರ ದಶಕದಲ್ಲಿ ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ 207 ‘ಬಿಡಿಡಿ’ ಚಾಳ್‌ಗಳು ಎದ್ದವು. ಕೋಣೆಯ ಅಳತೆ ಸುಮಾರು 160 ಚದರ ಅಡಿ. ಆದರೂ ಆರಂಭದಲ್ಲಿ ಎಷ್ಟೋ ಕೋಣೆಗಳು ಖಾಲಿ ಬಿದ್ದಿದ್ದವು.

1947ರ ಕಾಯ್ದೆಯು ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಆಗಲೇ ಮನೆ ಹಿಡಿದಿದ್ದವರು ಬಚಾವಾದರು. ಹೊಸಬರಿಗೆ ಎದುರಾದದ್ದು ‘ಪಗಡಿ’. ಮನೆಯ ಬೀಗದ ಕೈ ಸಿಗಲು ಮೊದಲೇ ಕೊಡಬೇಕಾದ ದೊಡ್ಡ ಮೊತ್ತ ಇದು. ತಿಂಗಳ ಬಾಡಿಗೆ ಕಡಿಮೆ, ಆದರೆ ಒಳಗೆ ಕಾಲಿಡಲು ವರ್ಷಗಳ ಉಳಿತಾಯ ಬೇಕು. ಬಹುಕಾಲ ಕಾನೂನಿಗೆ ಹೊರತಾಗಿದ್ದ ಈ ಪದ್ಧತಿಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಮಾನ್ಯತೆ ನೀಡಿತು.

ಇದಕ್ಕೆ ಜನ ಕಂಡುಕೊಂಡ ಉಪಾಯವೆಂದರೆ ಸಂಸಾರವನ್ನೇ ಎರಡು ಮಾಡುವುದು. ಗಿರಣಿ ಕಾರ್ಮಿಕರು ಹೆಂಡತಿ ಮಕ್ಕಳನ್ನು ರತ್ನಾಗಿರಿಯ ಹಳ್ಳಿಗಳಲ್ಲಿ ಬಿಟ್ಟು, ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಪಾಳಿಯ ಪ್ರಕಾರ ಮಲಗಿದರು. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಹುಡುಗರು ಕೆಲಸ ಮಾಡುವ ಹೋಟೆಲಿನಲ್ಲೇ ಉಂಡು, ಅಲ್ಲೇ ಮಲಗಿದರು. ಸಂಬಳ ಕಡಿಮೆಯಾದರೂ ಊರಿಗೆ ಮನಿಯಾರ್ಡರ್ ತಪ್ಪುತ್ತಿರಲಿಲ್ಲ. ಅವರಿಗಿಂತ ಹೆಚ್ಚು ಸಂಬಳದ ಗುಮಾಸ್ತ ಸಂಸಾರ ಸಮೇತ ಮನೆ ಮಾಡಿದರೆ ತಿಂಗಳ ಕೊನೆಗೆ ಕೈ ಖಾಲಿ. ಹುಡುಗರ ಉಳಿತಾಯಕ್ಕೂ ಬೆಲೆ ಇತ್ತು. ಅದನ್ನು ತೆತ್ತದ್ದು ಊರಲ್ಲಿ ಕಾದು ಕುಳಿತ ಮನೆಯವರು.

ಒಂದೇ ಸಂಬಳಕ್ಕೆ ಎಲ್ಲ ಊರಿನಲ್ಲೂ ಒಂದೇ ಬೆಲೆ ಇಲ್ಲ ಎಂಬುದನ್ನು ಸರ್ಕಾರವೂ ಒಪ್ಪಿದೆ. 2024ರಲ್ಲಿ ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆ ಮುಂಬಯಿ, ಬೆಂಗಳೂರಿನಂಥ ನಗರಗಳಲ್ಲಿ ಮೂಲ ವೇತನದ ಶೇ 30, ಸಣ್ಣ ಊರುಗಳಲ್ಲಿ ಶೇ 10. ಇಂದು ಬೆಂಗಳೂರಿನ ನೇಮಕಾತಿ ಪತ್ರ ಕೈಗೆ ಬಂದಾಗ, ಮುಂಬಯಿಗೆ ಹೋದ ಹಿಂದಿನ ತಲೆಮಾರಿನ ಲೆಕ್ಕವನ್ನೇ ಹಾಕಿ ನೋಡುವುದು ಒಳ್ಳೆಯದು: ಬಾಡಿಗೆ ಕಳೆದು ಎಷ್ಟು?