ಪಳಗಿದ ಕೈಗೆ ಎಷ್ಟು ಕ್ರೆಡಿಟ್? ಪೂರ್ವಕಲಿಕೆಯ ಮನ್ನಣೆ ಮತ್ತು ಬೀದರಿನ ಒಂದು ಕಸುಬು

ಸಾರಾಂಶ

ದುಡಿಮೆಯಲ್ಲಿ ಕಲಿತದ್ದಕ್ಕೂ ಕಾಲೇಜಿನ ಕ್ರೆಡಿಟ್ ಕೊಡಬಹುದೆಂಬ ತತ್ತ್ವವನ್ನು ಭಾರತದ ಶಿಕ್ಷಣ ನೀತಿ ಈಗ ಒಪ್ಪಿದೆ. ಆದರೆ ಅಳೆಯಬೇಕಾದದ್ದು ಯಾವುದನ್ನು, ಯಾವ ಮಾಧ್ಯಮದಲ್ಲಿ ಎಂಬ ಎರಡು ಪ್ರಶ್ನೆಗಳು ಇತ್ಯರ್ಥವಾಗಿಲ್ಲ. ಅಮೆರಿಕ ಮತ್ತು ಫ್ರಾನ್ಸಿನ ಅನುಭವವನ್ನೂ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಲೆಕ್ಕಾಚಾರವನ್ನೂ ಈ ಲೇಖನ ಪರಿಶೀಲಿಸುತ್ತದೆ. ಬೀದರಿನ ಬಿದ್ರಿ ಕಸುಬನ್ನು ಒರೆಗಲ್ಲಾಗಿ ಇಟ್ಟುಕೊಂಡು, ಕಲಿಕೆಯನ್ನು ತೋರಿಸಲು ಒದಗಿಸುವ ಮಾಧ್ಯಮವೇ ಯಾರಿಗೆ ಮನ್ನಣೆ ಸಿಗುತ್ತದೆ ಎಂಬುದನ್ನು ತೀರ್ಮಾನಿಸುತ್ತದೆಂದು ವಾದಿಸುತ್ತದೆ.

ಕೀಲಿಪದಗಳು: ಪೂರ್ವಕಲಿಕೆ, ಕ್ರೆಡಿಟ್, ಮೌಲ್ಯಮಾಪನ, ಕಸುಬಿನ ಜ್ಞಾನ, ಬಿದ್ರಿ

1. ಅನುಭವ ಮತ್ತು ಕಲಿಕೆ

ಕಸುಬು ಬಲ್ಲವರನ್ನು ಕನ್ನಡ ‘ಪಳಗಿದ ಕೈ’ ಎಂದು ಗುರುತಿಸುತ್ತದೆ. ಈ ಮಾತಿನಲ್ಲಿ ಕಲಿಕೆಯ ನೆಲೆ ಕೈಯೇ. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ಗಾದೆಯೂ ಇದೇ ಭಾಷೆಯದು. ಮಾಡಿದ್ದನ್ನೇ ಮಾಡುತ್ತಾ ಹೋದರೆ ರಾಗವೂ ಕೂಡಿಬರಬಹುದು, ರೋಗವೂ ಅಂಟಬಹುದು. ಎಷ್ಟು ಕಾಲ ಮಾಡಿದರು ಎಂಬ ಲೆಕ್ಕದಿಂದ ಏನು ಕಲಿತರು ಎಂಬುದು ತಿಳಿಯದು. ಪೂರ್ವಕಲಿಕೆಗೆ ಕ್ರೆಡಿಟ್ ಕೊಡುವ ಪದ್ಧತಿ ನಿಂತಿರುವುದು ಅನುಭವ ಮತ್ತು ಕಲಿಕೆಗಳ ನಡುವಿನ ಈ ಭೇದದ ಮೇಲೆ.

ಅಮೆರಿಕದ ಕಾಲೇಜುಗಳು ಈ ಭೇದವನ್ನು ಎಡವಿ ಕಲಿತವು. ಮೊದಲ ಮಹಾಯುದ್ಧ ಮುಗಿದಾಗ ಅಲ್ಲಿನ ಹಲವು ಕಾಲೇಜುಗಳು ಸೈನಿಕರಿಗೆ ಸೇವೆಯ ಹೆಸರಿನಲ್ಲೇ ಸಾರಾಸಗಟಾಗಿ ಕ್ರೆಡಿಟ್ ಹಂಚಿದವು. ಅದು ಕೃತಜ್ಞತೆಯ ಕ್ರಮವಾಗಿತ್ತು. ಕಲಿತದ್ದರ ಪರೀಕ್ಷೆ ಅಲ್ಲಿರಲಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಬೇರೆ ದಾರಿ ಹಿಡಿಯಿತು. ಸೇನೆ ನಡೆಸಿದ ಒಂದೊಂದು ತರಬೇತಿಯನ್ನೂ ಪರಿಶೀಲಿಸಿ, ಅದು ಕಾಲೇಜಿನ ಯಾವ ಪಾಠಕ್ಕೆ ಎಷ್ಟು ಸಾಟಿ ಎಂದು ಶಿಫಾರಸು ಮಾಡತೊಡಗಿತು. 1944ರ ಕಾಯಿದೆಯಿಂದಾಗಿ ಮಾಜಿ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಕಾಲೇಜು ಸೇರಿದಾಗ ಈ ಕ್ರಮ ಬೇರೂರಿತು. 1967ರಲ್ಲಿ ಕಾಲೇಜ್ ಬೋರ್ಡ್ ಆರಂಭಿಸಿದ ‘ಕ್ಲೆಪ್’ ಪರೀಕ್ಷೆಗಳಿಂದಾಗಿ, ತರಗತಿಗೆ ಹೋಗದೆ ಕಲಿತವರೂ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವಂತಾಯಿತು. ಪರೀಕ್ಷೆಯ ಚೌಕಟ್ಟಿಗೆ ಒಗ್ಗದ ಕಲಿಕೆಯನ್ನು ಅಳೆಯುವ ವಿಧಾನಗಳಿಗಾಗಿ 1974ರಲ್ಲಿ ಕೇಲ್ ಎಂಬ ಯೋಜನೆ ಹುಟ್ಟಿತು. ಅನುಭವ ಕಲಿಕೆಯ ಮೂಲ ಮಾತ್ರ, ಕ್ರೆಡಿಟ್ ಸಲ್ಲುವುದು ಕಲಿಕೆಗೆ ಎಂಬ ಸೂತ್ರವನ್ನು ಈ ಕ್ಷೇತ್ರದಲ್ಲಿ ನೆಲೆಗೊಳಿಸಿದ್ದು ಆ ಪರಂಪರೆ.

2. ಬರೆದು ತೋರಿಸುವ ಭಾರ

ಫ್ರಾನ್ಸ್ ಇನ್ನೂ ಮುಂದೆ ಹೋಯಿತು. ಕಾರ್ಖಾನೆಗಳಲ್ಲಿ ಪಳಗಿದವರಿಗೆ ಸರ್ಕಾರವೇ ಎಂಜಿನಿಯರ್ ಪದವಿ ಕೊಡುವ ಅವಕಾಶ ಅಲ್ಲಿ 1934ರ ಕಾಯಿದೆಯಿಂದಲೇ ಇದೆ. 2002ರ ಜನವರಿ 17ರ ಕಾಯಿದೆ ಇದನ್ನು ಎಲ್ಲರ ಹಕ್ಕಾಗಿಸಿತು. ಒಂದೆರಡು ವಿಷಯಗಳ ವಿನಾಯಿತಿಗಷ್ಟೇ ಸೀಮಿತವಾಗದೆ, ಇಡೀ ಪದವಿಯನ್ನೇ ಅನುಭವದ ಮೌಲ್ಯಮಾಪನದಿಂದ ಪಡೆಯಬಹುದಾಯಿತು. ಆಗ ಮೂರು ವರ್ಷಗಳ ಕೆಲಸದ ಅನುಭವ ಕಡ್ಡಾಯವಿತ್ತು; 2016ರಲ್ಲಿ ಅದು ಒಂದು ವರ್ಷಕ್ಕೆ ಇಳಿಯಿತು; 2022ರ ಡಿಸೆಂಬರಿನ ಕಾಯಿದೆ ಕನಿಷ್ಠ ಅವಧಿಯನ್ನೇ ತೆಗೆದುಹಾಕಿತು. ಅವಧಿಯ ನಿಯಮ ಸಡಿಲಗೊಂಡಂತೆಲ್ಲ ಮೌಲ್ಯಮಾಪನದ ಹೊಣೆ ಪೂರ್ತಿಯಾಗಿ ತೀರ್ಪುಗಾರರ ಮಂಡಳಿಯ ಮೇಲೆ ಬಿತ್ತು. ಅಧ್ಯಾಪಕರ ಜೊತೆಗೆ ಆ ವೃತ್ತಿಯಲ್ಲಿರುವವರೂ ಕೂರುವ ಈ ಮಂಡಳಿ ಪದವಿಯನ್ನು ಪೂರ್ತಿ ಕೊಡಬಹುದು, ಭಾಗಶಃ ಕೊಡಬಹುದು, ನಿರಾಕರಿಸಲೂಬಹುದು.

ಆದರೆ ಮಂಡಳಿಯ ಮುಂದೆ ಹೋಗುವ ಮುನ್ನ ಅಭ್ಯರ್ಥಿ ತಾನು ಮಾಡಿದ ಕೆಲಸವನ್ನು ವಿವರಿಸುವ, ವಿಶ್ಲೇಷಿಸುವ ದೀರ್ಘ ದಾಖಲೆಯನ್ನು ಬರೆದು ಒಪ್ಪಿಸಬೇಕು. ಈ ಭಾರ ಹೊರಲಾಗದೆ ಹಲವರು ನಡುದಾರಿಯಲ್ಲೇ ಕೈಬಿಡುತ್ತಾರೆಂಬುದು ಅಲ್ಲಿ ಬಹುಕಾಲದ ದೂರು. ಕಾಲೇಜಿನ ಬರವಣಿಗೆ ಒಲಿಯದ್ದರಿಂದಲೇ ಕಾಲೇಜಿನಿಂದ ದೂರ ಉಳಿದವರಿಗೆ, ಒಳಬರಲು ಮತ್ತೆ ಅದೇ ಬರವಣಿಗೆಯ ಪರೀಕ್ಷೆ. ಬಲ್ಲದ್ದೆಲ್ಲವೂ ಮಾತಿಗೆ ದಕ್ಕದು ಎಂಬ ಮೈಕೆಲ್ ಪೊಲಾನ್ಯಿಯ ವಿಚಾರವನ್ನು (1966) ಇಲ್ಲಿಗೆ ಅನ್ವಯಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಬರೆಹವೊಂದೇ ಪುರಾವೆಯಾದಲ್ಲಿ ಅಳತೆಗೆ ಸಿಗುವುದು ಮುಖ್ಯವಾಗಿ ಬರೆಯುವ ಸಾಮರ್ಥ್ಯ.

3. ಗುಣಕದ ಗಣಿತ

ಭಾರತದಲ್ಲಿ ಪೂರ್ವಕಲಿಕೆಯ ಮನ್ನಣೆ ಮೊದಲು ವಿಸ್ತಾರವಾಗಿ ಜಾರಿಗೆ ಬಂದದ್ದು ಕೌಶಲ ಇಲಾಖೆಯ ಮೂಲಕ, ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯ ಭಾಗವಾಗಿ. ಅಲ್ಲಿ ಸಿಗುತ್ತಿದ್ದುದು ಕೆಲಸಗಾರರ ಪ್ರಮಾಣಪತ್ರ; ಕಾಲೇಜಿನ ಬಾಗಿಲಿಗೂ ಅದಕ್ಕೂ ನಂಟಿರಲಿಲ್ಲ. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಮತ್ತು 2023ರ ಏಪ್ರಿಲಿನಲ್ಲಿ ಬಿಡುಗಡೆಯಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಆ ನಂಟನ್ನು ತಾತ್ತ್ವಿಕವಾಗಿ ಬೆಸೆದವು.

ಚೌಕಟ್ಟಿನ ಪ್ರಕಾರ 30 ಗಂಟೆಗಳ ಕಲಿಕೆ ಒಂದು ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಹಾಗಾದರೆ ಮೂರು ವರ್ಷದ ಪದವಿಯ 120 ಕ್ರೆಡಿಟ್ ಎಂದರೆ 3,600 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ದುಡಿಯುವ ಕುಶಲಕರ್ಮಿ ಅಷ್ಟು ಗಂಟೆಗಳನ್ನು ಒಂದೂವರೆ ವರ್ಷದಲ್ಲಿ ಮುಗಿಸುತ್ತಾರೆ. ದುಡಿಮೆಯ ಗಂಟೆಯನ್ನು ಕಲಿಕೆಯ ಗಂಟೆಯೆಂದು ಎಣಿಸಿದರೆ ಪದವಿಯೇ ಹಾಸ್ಯಾಸ್ಪದವಾಗುತ್ತದೆ. ಚೌಕಟ್ಟು ಹಾಗೆ ಎಣಿಸುವುದಿಲ್ಲ. ಅನುಭವವನ್ನು ಗುಣಕವಾಗಿ ತರುತ್ತದೆ. ಸಂಬಂಧಿತ ಕೆಲಸದ ಅನುಭವ ಒಂದರಿಂದ ನಾಲ್ಕು ವರ್ಷವಿದ್ದರೆ 1.33, ನಾಲ್ಕರಿಂದ ಏಳಿದ್ದರೆ 1.67, ಏಳನ್ನು ಮೀರಿದರೆ 2. ಮೌಲ್ಯಮಾಪನಕ್ಕೆ ಒಳಪಟ್ಟು, ಗಳಿಸಿದ ಕ್ರೆಡಿಟ್ ಗರಿಷ್ಠ ಇಮ್ಮಡಿಯಾಗಬಹುದು.

ಈ ಸೂತ್ರದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಏಣಿಯ ಮೆಟ್ಟಿಲುಗಳು ಮತ್ತೆ ವರ್ಷಗಳೇ. ಅಮೆರಿಕ ಒಂದು ಯುದ್ಧದ ನಂತರ ಮಾಡಿ ಇನ್ನೊಂದರ ಹೊತ್ತಿಗೆ ತಿದ್ದಿಕೊಂಡ ತಪ್ಪಿಗೆ ಇಲ್ಲಿ ಮತ್ತೆ ಎಡೆಯುಂಟು. ಎರಡನೆಯದಾಗಿ, ಗುಣಿಸಲು ಮೊದಲೊಂದು ಸಂಖ್ಯೆ ಬೇಕು. ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರಿದವರಿಗೆ ಆ ಸಂಖ್ಯೆ ಇದೆ. ಔಪಚಾರಿಕ ಅರ್ಹತೆಯೇ ಇಲ್ಲದವರ ಪಾಲಿಗೆ ಅದು ಸೊನ್ನೆ. ಅವರ ಮೂಲ ಕಲಿಕೆಯನ್ನೇ ಮೊದಲು ಅಳೆದು ಕ್ರೆಡಿಟ್ಟಾಗಿಸದ ಹೊರತು ಮೂವತ್ತು ವರ್ಷಗಳ ಗುಣಕಕ್ಕೂ ಬೆಲೆಯಿಲ್ಲ. ಆದ್ದರಿಂದ ಇಡೀ ವ್ಯವಸ್ಥೆಯ ಭಾರ ಆ ಮೊದಲ ಅಳತೆಯ ಮೇಲಿದೆ.

4. ನಾಲಗೆಯ ಮೇಲಿನ ಮಣ್ಣು

ಆ ಅಳತೆ ಹೇಗಿರಬೇಕೆಂದು ನೋಡಲು ಬಿದ್ರಿ ಕಸುಬು ತಕ್ಕ ಉದಾಹರಣೆ. ಸತುವೇ ಹೆಚ್ಚಾಗಿರುವ, ಸ್ವಲ್ಪವೇ ತಾಮ್ರ ಬೆರೆತ ಮಿಶ್ರಲೋಹವನ್ನು ಎರಕ ಹೊಯ್ದು, ಅರದಿಂದ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಉಳಿಯ ಗೀರು ಎದ್ದು ಕಾಣಲೆಂದು ಈ ಉಪಾಯ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರಿನ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿಯಾದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಯಾವ ಮಣ್ಣು ಈ ಕೆಲಸಕ್ಕೆ ಆಗುತ್ತದೆಂದು ಅನುಭವಿಗಳು ನಾಲಗೆಗಿಟ್ಟು ತಿಳಿಯುತ್ತಾರೆ. ಈ ಕಲೆಯ ಹಿರಿಯ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಇದರಲ್ಲಿ ಕಾಲೇಜಿಗೆ ಸಲ್ಲುವ ಕಲಿಕೆ ಎಷ್ಟು? ಮಿಶ್ರಲೋಹದ ಹದ, ಎರಕ, ಲೋಹದ ಮೇಲ್ಮೈ ಸಂಸ್ಕರಣ, ಅಲಂಕರಣದ ವಿನ್ಯಾಸ: ಕನಿಷ್ಠ ಈ ನಾಲ್ಕು ಪಾಠಗಳಿಗೆ ಸಾಟಿಯಾದ ತಿಳಿವಳಿಕೆ ಇಲ್ಲಿದೆ. ಇಲ್ಲದ್ದನ್ನೂ ಹೇಳಬೇಕು. ಲೋಹ ಕಪ್ಪಾಗುವ ಕ್ರಿಯೆಯ ರಾಸಾಯನಿಕ ಸಮೀಕರಣವಾಗಲಿ, ಬೇರೆ ಲೋಹಗಳಿಗೂ ಅನ್ವಯಿಸುವ ಸಾಮಾನ್ಯ ನಿಯಮವಾಗಲಿ, ಬಹಮನಿ ಕಾಲದ ಕಲಾ ಇತಿಹಾಸವಾಗಲಿ ಕಸುಬಿನ ಜೊತೆಗೆ ತಾನಾಗಿ ಬರುವುದಿಲ್ಲ. ಸಂದರ್ಭಕ್ಕೆ ಅಂಟಿದ ಜ್ಞಾನವನ್ನೂ ಸಂದರ್ಭವನ್ನು ಮೀರುವ ಜ್ಞಾನವನ್ನೂ ಬೇಸಿಲ್ ಬರ್ನ್‌ಸ್ಟೈನ್ ಬೇರ್ಪಡಿಸಿದ್ದು ಈ ಕಾರಣಕ್ಕೇ. ಕಸುಬನ್ನು ಗೌರವಿಸುವ ಭರದಲ್ಲಿ ಈ ಗೆರೆಯನ್ನು ಅಳಿಸಿದರೆ, ‘ಜೀವನಾನುಭವ’ದ ಹೆಸರಿನಲ್ಲಿ ಪದವಿ ಮಾರುವ ಅಂಗಡಿಗಳಿಗೂ ವಿಶ್ವವಿದ್ಯಾಲಯಕ್ಕೂ ವ್ಯತ್ಯಾಸ ಉಳಿಯದು.

ಹಾಗೆಂದು ನಾಲ್ಕು ಪಾಠಗಳ ಕಲಿಕೆಯನ್ನು ಮೂರು ಗಂಟೆಯ ಲಿಖಿತ ಪರೀಕ್ಷೆಯಿಂದ ಹೊರತೆಗೆಯಲಾಗದು. ಈ ಕಸುಬಿನ ಬಹುಪಾಲು ಮನೆಗಳಲ್ಲಿ ಆಡುವುದು ದಖನಿ. ಬೀದಿಯಲ್ಲಿ ಕನ್ನಡವೂ ಬೆರೆಯುತ್ತದೆ. ಇಂಗ್ಲಿಷಿನ ದಾಖಲೆಯನ್ನು ಅಪೇಕ್ಷಿಸುವ ಮೌಲ್ಯಮಾಪನದಲ್ಲಿ ಕುಶಲಕರ್ಮಿಗಿಂತ ಅವರ ಪರವಾಗಿ ಬರೆದುಕೊಟ್ಟ ಮಧ್ಯವರ್ತಿಯೇ ತೇರ್ಗಡೆಯಾದಾರು.

5. ಮೂರು ಸೂಚನೆಗಳು

ಮೇಲಿನ ಚರ್ಚೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಒಂದು: ಪುರಾವೆ ಬರೆಹಕ್ಕೆ ಸೀಮಿತವಾಗದೆ ಮಾಡಿ ತೋರಿಸುವುದು ಮತ್ತು ಮಾಡುತ್ತಲೇ ಮಾತಾಡುವುದು ಎರಡನ್ನೂ ಒಳಗೊಳ್ಳಬೇಕು, ಮಾತು ಅಭ್ಯರ್ಥಿಯ ಭಾಷೆಯಲ್ಲಿರಬೇಕು. ಎರಡು: ತೀರ್ಪುಗಾರರಲ್ಲಿ ಅಧ್ಯಾಪಕರೊಂದಿಗೆ ಆ ಕಸುಬಿನ ಹಿರಿಯರೂ ಇರಬೇಕು. ಇದಕ್ಕೆ ನಮ್ಮಲ್ಲೇ ಆಧಾರವಿದೆ. ಯುಜಿಸಿಯ 2022ರ ಮಾರ್ಗಸೂಚಿಯಂತೆ, ಕನಿಷ್ಠ 15 ವರ್ಷಗಳ ವೃತ್ತಿ ಅನುಭವ ಇರುವ ಪರಿಣತರು ಔಪಚಾರಿಕ ಪದವಿಯಿಲ್ಲದೆಯೂ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಬಹುದು. ಪಾಠ ಹೇಳಲು ಸಾಕಾದ ಅನುಭವ, ವಿದ್ಯಾರ್ಥಿಯಾಗಿ ಬಂದಾಗ ಲೆಕ್ಕಕ್ಕೆ ಬಾರದೆಂದರೆ ಅದು ಅಸಂಗತ. ಮೂರು: ಮನ್ನಣೆ ಪಾಠವಾರು ಇರಬೇಕು. ಕೊಟ್ಟ ಕ್ರೆಡಿಟ್ಟಿನ ಪಕ್ಕದಲ್ಲಿ ಕೊಡದೆ ಉಳಿಸಿದ್ದನ್ನೂ ಅದರ ಕಾರಣವನ್ನೂ ದಾಖಲಿಸಿದರೆ, ಅಭ್ಯರ್ಥಿಗೆ ಮುಂದಿನ ಓದಿನ ದಾರಿ ಅಲ್ಲಿಂದಲೇ ಕಾಣುತ್ತದೆ.

ಇವುಗಳಲ್ಲಿ ಕಷ್ಟದ್ದು ಮೊದಲನೆಯದು, ಏಕೆಂದರೆ ಅದು ಅಭ್ಯರ್ಥಿಗಿಂತ ಹೆಚ್ಚಾಗಿ ಪರೀಕ್ಷಕರಿಂದ ಸಿದ್ಧತೆ ಬೇಡುತ್ತದೆ. ಈ ಮಣ್ಣು ಏಕೆ, ಆಚೆಯದು ಏಕಲ್ಲ ಎಂದು ಕೇಳಿದಾಗ ಕುಶಲಕರ್ಮಿ ಬಿಸಿಲು ಮಳೆ ತಾಗದ ಕೋಟೆಯ ಮೂಲೆಯ ಬಗ್ಗೆ, ನಾಲಗೆಗೆ ಹತ್ತುವ ರುಚಿಯ ಬಗ್ಗೆ ಹೇಳುತ್ತಾರೆ. ಆ ಮಾತಿನಲ್ಲಿ ಮಣ್ಣಿನ ಲವಣಾಂಶದ ತಿಳಿವಳಿಕೆಯನ್ನು ಗುರುತಿಸಬಲ್ಲ ರಸಾಯನಶಾಸ್ತ್ರದ ಅಧ್ಯಾಪಕರು ಎದುರಿಗೆ ಕೂತಿರಬೇಕು. ಕ್ರೆಡಿಟ್ ಚೌಕಟ್ಟನ್ನು ಜಾರಿಗೊಳಿಸಲು ಹೊರಟ ವಿಶ್ವವಿದ್ಯಾಲಯಗಳು ತಂತ್ರಾಂಶಕ್ಕೆ ಮುಂಚೆ ಇಂಥ ಪರೀಕ್ಷಕರನ್ನು ತಯಾರು ಮಾಡಬೇಕಿದೆ. ಆರಂಭಕ್ಕೆ ಒಂದು ಕಸುಬು, ಒಂದು ವಿಭಾಗ, ನಾಲ್ಕು ಪಾಠಗಳು ಸಾಕು.