ಟಗರುಕೊಂಬು ಇಳಿಸಿದ ಮೇಲೆ

ಕಳೆದ ಮಾರ್ಚ್‌ನಲ್ಲಿ ನನ್ನ ರೋಡ್ ಬೈಕಿನ ಬಾಗಿದ ಹ್ಯಾಂಡಲ್ ಬಿಚ್ಚಿಸಿ ನೇರ ಹ್ಯಾಂಡಲ್ ಹಾಕಿಸಿದೆ. ಎರಡು ವರ್ಷದಿಂದ ಕತ್ತು ನೋಯುತ್ತಿತ್ತು. ಐವತ್ತು ಕಿಲೋಮೀಟರ್ ದಾಟಿದರೆ ಎಡಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದವು. ಮರುಭಾನುವಾರ ಖಡಕ್‌ವಾಸ್ಲಾ ರಸ್ತೆಯ ಚಹಾ ಅಂಗಡಿಯಲ್ಲಿ ಧಾರವಾಡ ಕಡೆಯ ಗೆಳೆಯರೊಬ್ಬರು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಇನ್ನ ಮುಂದ ಒಂದು ಬುಟ್ಟಿ ಹಾಕಿಸಿಬಿಡ್ರಿ ಸಾಹೇಬ್ರ, ಕಾಯಿಪಲ್ಯೆ ತರಾಕ ಚಲೋ ಆಗ್ತದ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮಾತು ನಾಟಿತು. ಬಾಗಿದ ಹ್ಯಾಂಡಲ್ ಅಂದರೆ ಗಂಡಸುತನ, ನೇರ ಹ್ಯಾಂಡಲ್ ಅಂದರೆ ನಿವೃತ್ತಿ ಎಂಬ ಈ ಲೆಕ್ಕ ಎಲ್ಲಿಂದ ಬಂತು?

ಶುರುವಿನಲ್ಲಂತೂ ಇರಲಿಲ್ಲ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ ಮರದ ಗಾಡಿಗೆ ಪೆಡಲ್ಲೇ ಇರಲಿಲ್ಲ. ನೆಲ ಒದ್ದುಕೊಂಡು ಹೋಗಬೇಕು, ಕೈ ಊರಲು ಒಂದು ಮೆತ್ತೆಯ ಹಲಗೆ. ಆಮೇಲೆ ಬಂದದ್ದು ಮುಂದೊಂದು ದೈತ್ಯ ಚಕ್ರದ ಸೈಕಲ್. ಅದರ ಸವಾರ ಕಲ್ಲಿಗೆ ತಾಗಿದರೆ ಮುಗ್ಗರಿಸಿ ತಲೆಕೆಳಗಾಗಿ ಬೀಳುತ್ತಿದ್ದ. ಇಳಿಜಾರಿನಲ್ಲಿ ಕೆಲವರು ಕಾಲುಗಳನ್ನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಚಾಚಿ ಕೂರುತ್ತಿದ್ದರಂತೆ, ಬಿದ್ದರೆ ಕಾಲ ಮೇಲೆ ಬೀಳೋಣ ಎಂದು. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಸಮವಿರುವ, ಹಿಂದಿನ ಚಕ್ರಕ್ಕೆ ಚೈನ್ ಇರುವ ರೋವರ್ ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಬೀಳುವ ಭಯ ಇಳಿಯಿತು, ವೇಗ ಏರಿತು.

ವೇಗ ಏರಿದಾಗಲೇ ಗಾಳಿ ಶತ್ರುವಾಯಿತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಎದೆ ಸೆಟೆಸಿ ಕೂತವನಿಗೆ ಗೆಲುವಿಲ್ಲ. ಹೀಗಾಗಿ 1890ರ ದಶಕದ ಪಂದ್ಯದ ಸೈಕಲ್ಲುಗಳಲ್ಲಿ ಹ್ಯಾಂಡಲ್ ಕೆಳಕ್ಕೆ ಇಳಿಯಿತು, ಮುಂದಕ್ಕೂ ಹೋಯಿತು. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್ ಆದ ಕಪ್ಪು ಅಮೆರಿಕನ್ ಸವಾರ ಮೇಜರ್ ಟೇಲರ್ ಹ್ಯಾಂಡಲ್ಲನ್ನು ಮುಂದಕ್ಕೆ ಚಾಚುವ, ಹಿಂದೆಮುಂದೆ ಸರಿಸಬಹುದಾದ ಸ್ಟೆಮ್ ಬಳಸುತ್ತಿದ್ದ. ಆ ಬಗೆಯ ಸ್ಟೆಮ್ಮಿಗೆ ಇವತ್ತಿಗೂ ಅವನದೇ ಹೆಸರು. ಅದೇ ಕಾಲಕ್ಕೆ ಬೀದಿಯಲ್ಲಿ ಬೆನ್ನು ಬಗ್ಗಿಸಿ ನುಗ್ಗುವ ಹುಡುಗರಿಗೆ ಅಮೆರಿಕದಲ್ಲಿ 'ಸ್ಕಾರ್ಚರ್' ಎಂಬ ಬೈಗುಳ ಹುಟ್ಟಿತು. ಹೀಗೆ ಬಗ್ಗಿದರೆ ಗೂನುಬೆನ್ನು ಬರುತ್ತದೆಂದು ವೈದ್ಯರು ಹೆದರಿಸುತ್ತಿದ್ದರು. ನನ್ನ ಡಾಕ್ಟರು ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ, ಎಂಆರ್‌ಐ ತೆಗೆಸಿದ ಮೇಲೆ.

ಅಂದರೆ ಬಾಗಿದ ಹ್ಯಾಂಡಲ್ ಪಂದ್ಯದವರ ಸಲಕರಣೆ. ಅದು ಜನಸಾಮಾನ್ಯರ ಮನೆಗೆ ಬಂದದ್ದು ಆಸೆಯ ದಾರಿಯಿಂದ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹತ್ತು ಗೇರಿನ ಸೈಕಲ್ಲುಗಳು ಲಕ್ಷಗಟ್ಟಲೆ ಮಾರಾಟವಾದವು. ಕೊಂಡವರಲ್ಲಿ ಬಹಳಷ್ಟು ಜನ ಕೆಳಗಿನ ಬಾಗನ್ನು ಮುಟ್ಟುತ್ತಲೇ ಇರಲಿಲ್ಲ, ಮೇಲಿನ ನೇರ ಭಾಗವನ್ನೇ ಹಿಡಿಯುತ್ತಿದ್ದರು. ಅಲ್ಲಿಂದಲೇ ಬ್ರೇಕ್ ಹಾಕಲೆಂದು ಕಂಪನಿಗಳು ಮೂಲ ಲಿವರಿಗೆ ಇನ್ನೊಂದು ಉದ್ದ ಲಿವರ್ ಜೋಡಿಸಿ ಕೊಟ್ಟವು. ಆ ಎರಡನೇ ಲಿವರನ್ನು ನಾನು ಒಂದು ತಪ್ಪೊಪ್ಪಿಗೆ ಎಂದೇ ಓದುತ್ತೇನೆ. ಹ್ಯಾಂಡಲ್ ಶೋಕಿಗೆ, ಸವಾರಿ ಮಾತ್ರ ನೆಟ್ಟಗೆ.

ಇನ್ನು ನೇರ ಹ್ಯಾಂಡಲ್ ಮುದುಕರದು ಎಂಬ ಮಾತು. 1953ರಲ್ಲೇ ಜಾನ್ ಫಿನ್ಲೆ ಸ್ಕಾಟ್ ಎಂಬಾತ ಶ್ವಿನ್ ಚೌಕಟ್ಟಿಗೆ ದಪ್ಪ ಟೈರು, ಗೇರು, ನೇರ ಹ್ಯಾಂಡಲ್ ಹಾಕಿ ಕಾಡುದಾರಿಗೆ ಇಳಿದಿದ್ದ. ಯಾರೂ ಗಮನಿಸಲಿಲ್ಲ. 1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ರೀಪ್ಯಾಕ್ ಎಂಬ ಇಳಿಜಾರು ಪಂದ್ಯ ಶುರುವಾಯಿತು. ಮೂರು ಚಿಲ್ಲರೆ ಕಿಲೋಮೀಟರಿನಲ್ಲಿ ಸುಮಾರು 400 ಮೀಟರ್ ಇಳಿತ. ಹಳೇ ಸೈಕಲ್ಲಿನ ಹಿಂಚಕ್ರದ ಬ್ರೇಕು ಕಾದು, ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕು, ಅದಕ್ಕೇ ಆ ಹೆಸರು. ಇದನ್ನು ನಡೆಸಿದ ಚಾರ್ಲಿ ಕೆಲ್ಲಿ, ಅಲ್ಲಿ ಓಡಿಸಿದ ಗ್ಯಾರಿ ಫಿಶರ್, ಜೋ ಬ್ರೀಜ್ ಯಾರೂ ಬಾಗಿದ ಹ್ಯಾಂಡಲ್ ಗೊತ್ತಿಲ್ಲದವರಲ್ಲ, ರೋಡ್ ಸೈಕಲ್ ಕ್ಲಬ್ಬಿನವರೇ. ಕಲ್ಲುಮಣ್ಣಿನ ಇಳಿಜಾರಿನಲ್ಲಿ ಅಗಲವಾದ ನೇರ ಹ್ಯಾಂಡಲ್ ಇದ್ದರೆ ಚಕ್ರ ಮಾತು ಕೇಳುತ್ತದೆಂದು ಅದನ್ನು ಆರಿಸಿಕೊಂಡರು. ಮೌಂಟೇನ್ ಬೈಕ್ ಹುಟ್ಟಿದ್ದು ಅಲ್ಲಿ.

ನನ್ನ ಮೆಕ್ಯಾನಿಕ್ ಪುಣೆಯ ಹಳೇ ಪೇಟೆಯವರು, ಅರವತ್ತು ದಾಟಿದೆ. "ಬಿಚ್ಚೋದು ಅರ್ಧ ತಾಸು ಸಾಹೇಬ್, ಹಾಕೋದ್ರಲ್ಲಿದೆ ಖರ್ಚು" ಎಂದು ಮರಾಠಿಯಲ್ಲಿ ಮೊದಲೇ ಎಚ್ಚರಿಸಿದ್ದರು. ಕಾರಣ ಅಳತೆಯಲ್ಲಿದೆ. ಬಾಗಿದ ಹ್ಯಾಂಡಲ್ಲಿನಲ್ಲಿ ಲಿವರ್ ಕೂರುವ ಜಾಗ 23.8 ಮಿಲಿಮೀಟರ್, ನೇರದ್ದರಲ್ಲಿ 22.2. ಇದರ ಲಿವರ್ ಅದಕ್ಕೆ ಕೂರದು. ಎರಡೂ ಮೆಟ್ರಿಕ್ ವೇಷ ಹಾಕಿದ ಇಂಚುಗಳೇ: ಒಂದು 15/16 ಇಂಚು, ಇನ್ನೊಂದು 7/8. ಸ್ಟೆಮ್ ಹಿಡಿಯುವ ಜಾಗ ಈಗ ಬಹುತೇಕ ಎರಡರಲ್ಲೂ 31.8, ಅದು ಒಂದೂಕಾಲು ಇಂಚು. ಹಳೆಯ ಕಾಲದಲ್ಲಿ ಗೇರಿನ ಲಿವರ್ ಚೌಕಟ್ಟಿನ ಕೆಳ ಕೊಳವೆಯ ಮೇಲಿರುತ್ತಿತ್ತು, ಹ್ಯಾಂಡಲ್ ಬದಲಿಸಿದರೆ ಅದಕ್ಕೇನೂ ಆಗುತ್ತಿರಲಿಲ್ಲ. 1990ರಲ್ಲಿ ಶಿಮಾನೋ ಬ್ರೇಕು ಗೇರು ಎರಡನ್ನೂ ಒಂದೇ ಲಿವರಿಗೆ ಸೇರಿಸಿತು. ಸವಾರಿಗೆ ಅದ್ಭುತ, ನನ್ನಂಥವನ ಜೇಬಿಗೆ ಕತ್ತರಿ. ಹ್ಯಾಂಡಲ್ ಹೋದರೆ ಗೇರಿನ ಲಿವರೂ ಹೋಯಿತು. ಮೇಲಾಗಿ ಬಾಗಿದ ಹ್ಯಾಂಡಲ್ಲಿನಲ್ಲಿ ಕೈ ಮುಂದಕ್ಕೆ ಚಾಚಿರುತ್ತದೆಂದು ಆ ಸೈಕಲ್ಲಿನ ಮೇಲ್ಕೊಳವೆ ಗಿಡ್ಡ. ನೇರ ಹಾಕಿದ ದಿನ ಮೊಣಕೈ ಹೊಟ್ಟೆಗೆ ಬಂದಂತಾಯಿತು. 90ರ ಸ್ಟೆಮ್ ತೆಗೆದು 110ರದ್ದು ಹಾಕಿದ ಮೇಲೆ ಸರಿಹೋಯಿತು.

ಲಿವರ್ ಕಳಚುವುದನ್ನು ನೋಡುತ್ತ ನಿಂತಾಗ ನೆನಪಾದದ್ದು ನಾನು ಕಂಡ ಮೊದಲ ಹ್ಯಾಂಡಲ್ ಬದಲಾವಣೆ. ಅದು ಉಲ್ಟಾ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಓಟ ಅಂದರೆ ಕುಸ್ತಿಯಷ್ಟೇ ಹುಚ್ಚು. ಅಲ್ಲಿನ ಹುಡುಗರು ರಾಷ್ಟ್ರಮಟ್ಟದ ಪದಕ ತಂದು ರೈಲ್ವೆಯಲ್ಲಿ ನೌಕರಿ ಹಿಡಿದಿದ್ದಾರೆ. ನಮ್ಮ ದೊಡ್ಡಪ್ಪನ ಮಗನಿಗೂ ಅದೇ ಕನಸು. ಮನೆಯ ಕರಿ ಸೈಕಲ್ಲಿನ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು ಕಿತ್ತು, ಎಲ್ಲಿಂದಲೋ ತಂದ ಸೆಕೆಂಡ್ ಹ್ಯಾಂಡ್ ಬಾಗಿದ ಹ್ಯಾಂಡಲ್ ಕೂರಿಸಿದ. ಪಾನಾ ಹಿಡಿದು ನಿಂತವನು ನಾನು, ವಯಸ್ಸು ಹತ್ತು. ಹೊಲಕ್ಕೆ ಬುತ್ತಿ ಒಯ್ಯುವ ಸೈಕಲ್ ಕೆಡಿಸಿದನೆಂದು ದೊಡ್ಡಪ್ಪ ಬಾರುಕೋಲು ತೆಗೆದುಕೊಂಡಿದ್ದರು. ಅಣ್ಣ ಊರಜಾತ್ರೆಯ ಓಟಗಳಲ್ಲಿ ಎರಡು ಸಲ ಗೆದ್ದ. ನೌಕರಿ ಸಿಗಲಿಲ್ಲ. ನಾನು ಓದಿ ಪುಣೆಗೆ ಬಂದು ನಲವತ್ತಕ್ಕೆ ಶೋಕಿಗಾಗಿ ಕೊಂಡ ಸೈಕಲ್ಲಿನ ಬೆಲೆಯನ್ನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.

ಈಗ ಅವನ ಮಗ ಓಡಿಸುತ್ತಾನೆ. ಬಿಚ್ಚಿದ ಹ್ಯಾಂಡಲ್, ಲಿವರ್ ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕುವ ಮುಂಚೆ ಫೋನ್ ಮಾಡಿದೆ. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. "31.8 ಏನ್ ಕಾಕಾ? ಗೇರ್ ಎಷ್ಟರದು?" ಎಂದು ಕೇಳಿದ.