ನಗೆಗೆ ಸಿಕ್ಕ ಉಡುಪು

ಹೆಂಗಸರ ಅಲಂಕಾರವನ್ನು ಕಂಡು ನಗುವುದು ಹಳೆಯ ಚಾಳಿ. ಅದನ್ನೊಂದು ವ್ಯಾಪಾರವಾಗಿಯೇ ಬೆಳೆಸಿದ ಕೀರ್ತಿ ಹದಿನೆಂಟನೆಯ ಶತಮಾನದ ಲಂಡನ್ನಿಗೆ ಸಲ್ಲಬೇಕು. ೧೭೭೦ರ ದಶಕದಲ್ಲಿ ಆ ನಗರದ ಸ್ಟ್ರಾಂಡ್ ಬೀದಿಯಲ್ಲಿ ಮ್ಯಾಥ್ಯೂ ಡಾರ್ಲಿ, ಮೇರಿ ಡಾರ್ಲಿ ಎಂಬ ದಂಪತಿಗಳ ಅಂಗಡಿಯಿತ್ತು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ವ್ಯಂಗ್ಯಚಿತ್ರಗಳೇ ಅಲ್ಲಿಯ ಸರಕು. ಇಂಥ ಅಂಗಡಿಗಳ ಕಿಟಕಿಯ ಮುಂದೆ ಕೊಳ್ಳಲು ಕಾಸಿಲ್ಲದವರೂ ನಿಂತು ನಕ್ಕು ಹೋಗುತ್ತಿದ್ದರು.

ಆಗಿನ ಸಿರಿವಂತ ಸ್ತ್ರೀಯರು ಕೂದಲೊಳಗೆ ಮೆತ್ತೆಯಿಟ್ಟು, ಕೊಬ್ಬು ಸವರಿ, ಬಿಳಿಯ ಪುಡಿ ಉದುರಿಸಿ, ತಲೆಯನ್ನು ಗೋಪುರದಂತೆ ಸಿಂಗರಿಸಿಕೊಳ್ಳುತ್ತಿದ್ದರು. ಚಿತ್ರಕಾರರು ಆ ಗೋಪುರವನ್ನು ಇನ್ನಷ್ಟು ಎತ್ತರಿಸಿದರು. ಒಂದು ಚಿತ್ರದಲ್ಲಿ ಸಿಂಗರಿಸುವವನು ಏಣಿ ಹತ್ತಿದ್ದಾನೆ. ಇನ್ನೊಂದರಲ್ಲಿ ತಲೆಯ ಮೇಲೆ ಹೂದೋಟವೇ ಬೆಳೆದಿದೆ. ಇದರಿಂದ ಯಾರೂ ತಲೆ ತಗ್ಗಿಸಲಿಲ್ಲ. ಹೊಸ ಶೈಲಿ ಬಂದಾಗ ಗೋಪುರ ತಾನಾಗಿ ಇಳಿಯಿತು. ಪುಡಿಗೆ ಪೆಟ್ಟು ಕೊಟ್ಟದ್ದೂ ನಗೆಯಲ್ಲ, ೧೭೯೫ರಲ್ಲಿ ಪಿಟ್ ಮಂತ್ರಿಯ ಸರ್ಕಾರ ಹಾಕಿದ ವರ್ಷಕ್ಕೊಂದು ಗಿನಿಯ ತೆರಿಗೆ.

ಹಾಗಾದರೆ ಈ ನಗೆಗೆ ಕಸುವೇ ಇರಲಿಲ್ಲವೆ? ಇತ್ತು. ಅದು ಯಾರಿಗೆ ತಾಗಿತೆಂಬುದನ್ನು ನೋಡಬೇಕು.

೧೮೫೧ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಕೆಲವು ಮಹಿಳೆಯರು ಪದರ ಪದರವಾಗಿ ನೆಲ ಗುಡಿಸುತ್ತಿದ್ದ ಲಂಗಗಳ ಭಾರಕ್ಕೆ ಬೇಸತ್ತು, ಮೊಳಕಾಲಿನ ಕೆಳಗಿನವರೆಗೆ ಬರುವ ಗಿಡ್ಡ ಲಂಗವನ್ನೂ ಅದರ ಕೆಳಗೆ ಸಡಿಲವಾದ ಷರಾಯಿಯನ್ನೂ ತೊಟ್ಟರು. ತಮ್ಮ ಪತ್ರಿಕೆಯಲ್ಲಿ ಇದನ್ನು ಸಮರ್ಥಿಸಿದ ಅಮೇಲಿಯಾ ಬ್ಲೂಮರ್ ಅವರ ಹೆಸರೇ ಉಡುಪಿಗೂ ಅಂಟಿತು. ಕೂಡಲೆ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಜಾನ್ ಲೀಚ್ ಮೊದಲಾದವರ ಚಿತ್ರಗಳು ಹೊರಟವು. ಷರಾಯಿ ತೊಟ್ಟ ಹೆಣ್ಣು ಅವುಗಳಲ್ಲಿ ಚುಟ್ಟ ಸೇದುತ್ತಾಳೆ. ತಾನೇ ಮುಂದಾಗಿ ಗಂಡಸನ್ನು ಮದುವೆಗೆ ಕೇಳುತ್ತಾಳೆ. ಬೀದಿಯ ಹುಡುಗರ ಕೂಗೂ ಇದಕ್ಕೆ ಸೇರಿತು. ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಎಲಿಜಬೆತ್ ಕ್ಯಾಡಿ ಸ್ಟಾಂಟನ್ ಅವರಿಗೆ, ಹೊರಗೂರಿನ ಶಾಲೆಯಲ್ಲಿದ್ದ ಮಗನೇ ಆ ಉಡುಪಿನಲ್ಲಿ ತನ್ನನ್ನು ನೋಡಲು ಬರಬೇಡವೆಂದ. ಸುಮಾರು ಎರಡು ವರ್ಷ ತೊಟ್ಟು ಅವರು ಅದನ್ನು ಬಿಟ್ಟರು. ಬ್ಲೂಮರ್ ಅವರೂ ಕೆಲವು ವರ್ಷಗಳ ಮೇಲೆ ಬಿಟ್ಟರು. ಉಡುಪಿನ ಗದ್ದಲದಲ್ಲಿ ಹಕ್ಕಿನ ಮಾತು ಮುಳುಗಿಹೋಗುತ್ತಿತ್ತು.

೧೮೫೬ರ ಸುಮಾರಿಗೆ ಉಕ್ಕಿನ ಬಳೆಗಳ ಕ್ರಿನೊಲಿನ್ ಲಂಗ ಬಂದಿತು. ಲಂಗಗಳ ಭಾರ ಇಳಿಯಿತು, ಸುತ್ತಳತೆ ಏರಿತು. ‘ಪಂಚ್’ ಇದನ್ನೂ ವರ್ಷಗಟ್ಟಲೆ ಬಿಡದೆ ಹಾಸ್ಯ ಮಾಡಿತು. ಅಗ್ಗಿಷ್ಟಿಕೆಯ ಕಿಡಿ ತಗುಲಿ, ಬುಟ್ಟಿಯಂಥ ಈ ಲಂಗ ಹತ್ತಿಕೊಂಡು ಸತ್ತವರು ಅನೇಕರು. ಆದರೂ ರಾಣಿಯಿಂದ ದಾಸಿಯವರೆಗೆ ಎಲ್ಲರೂ ತೊಟ್ಟರು.

ಅಪಾಯದ ಉಡುಪು ನಗೆಯನ್ನು ಜಯಿಸಿತು. ಅನುಕೂಲದ ಉಡುಪು ಸೋತಿತು. ಕಾರಣ ಸ್ಪಷ್ಟವಾಗಿದೆ. ಕ್ರಿನೊಲಿನ್ ಚಿತ್ರ ನಕ್ಕದ್ದು ಲಂಗದ ಗಾತ್ರವನ್ನು; ತೊಟ್ಟವರು ಲಕ್ಷಗಟ್ಟಲೆ, ನಗೆ ಹಂಚಿಹೋಯಿತು. ಬ್ಲೂಮರ್ ಚಿತ್ರ ನಕ್ಕದ್ದು ಹೆಣ್ಣಿನ ಸ್ವಾತಂತ್ರ್ಯವನ್ನು. ತೊಟ್ಟವರು ಬೆರಳೆಣಿಕೆಯಷ್ಟು, ಬೀದಿಯಲ್ಲಿ ಒಬ್ಬಳೇ ನಡೆಯುವವಳ ಮೇಲೆ ಅಷ್ಟೂ ಬಿದ್ದಿತು.

೧೮೯೦ರ ದಶಕದಲ್ಲಿ ಸೈಕಲ್ಲು ಹತ್ತಿದ ಹೆಂಗಸರು ಮತ್ತೆ ಷರಾಯಿ ತೊಟ್ಟರು. ಚಿತ್ರಕಾರರೂ ಮತ್ತೆ ನಕ್ಕರು. ಆದರೆ ಈ ಸಲ ಸವಾರಿ ಹೊರಟವರು ಒಬ್ಬಿಬ್ಬರಲ್ಲ. ನಗೆಗೆ ಅಂಜಿ ಯಾರೂ ಸೈಕಲ್ಲಿನಿಂದ ಇಳಿಯಲಿಲ್ಲ.